ನಗೆ ಕುಡಿದ ಬೀಗ

ನಗುವಿನ ವಿಷಯದಲ್ಲಿ ನನ್ನೆದುರು ಯಾರೂ ಹೆಚ್ಚು ಮಾತಾಡದಿರುವುದು ಒಳ್ಳೆಯದು. ಇದು ಜಂಬವಲ್ಲ, ಕಸುಬು. ನಮ್ಮೂರಿನ ಅರ್ಧಕ್ಕರ್ಧ ಬೀಗಗಳನ್ನು ಮಾಡಿದವನು ನಾನು, ಕಾಳಾಚಾರಿ. ನಮ್ಮಲ್ಲಿ ಬೀಗಕ್ಕೆ ಬೀಗದಕೈ ಇರುವುದಿಲ್ಲ. ಮನೆಯ ಯಜಮಾನನೋ ಯಜಮಾನಿಯೋ ಬಾಗಿಲ ಮುಂದೆ ನಿಂತು ನಕ್ಕರೆ ತೆರೆದುಕೊಳ್ಳುತ್ತದೆ, ನಗದಿದ್ದರೆ ಇಲ್ಲ. ಹಲ್ಲು ಕಿರಿದರೆ ಸಾಲದು. ಸಾಹೇಬರ ಮುಂದೆ ನಗುವಂತೆ ಹೆಹೆಹೆ ಎಂದರೆ ಬೀಗ ಅಲ್ಲಾಡುವುದೂ ಇಲ್ಲ. ಹೊಟ್ಟೆಯಿಂದ ಎದ್ದು, ತಡೆದರೂ ನಿಲ್ಲದೆ ಬರುವ ನಗು ಬೇಕು.

ಸಂಜೆ ಐದೂವರೆಯ ಹೊತ್ತಿಗೆ ನಮ್ಮ ಬೀದಿಗಳನ್ನು ನೋಡಬೇಕು. ಕೆಲಸ ಮುಗಿಸಿ ಬಂದವರೆಲ್ಲ ತಂತಮ್ಮ ಬಾಗಿಲಿಗೆ ಮುಖ ಮಾಡಿ, ಕಣ್ಣು ಮುಚ್ಚಿ, ಏನನ್ನೋ ನೆನೆಸಿಕೊಳ್ಳುತ್ತ ನಿಂತಿರುತ್ತಾರೆ. ಎಲ್ಲರ ಬಳಿಯೂ ಒಂದು ಬಾಗಿಲ ನೆನಪು ಇರುತ್ತದೆ. ಅದನ್ನು ಕಟ್ಟಿಕೊಂಡವರಿಗೂ ಹೇಳುವುದಿಲ್ಲ, ಹೇಳಿದಷ್ಟೂ ಸವೆಯುತ್ತದೆ. ನನಗೆ ಮಾತ್ರ ಹೇಳುತ್ತಾರೆ, ವೈದ್ಯರಿಗೆ ಮೂಲವ್ಯಾಧಿ ಹೇಳಿಕೊಂಡ ಹಾಗೆ. ಗಣಿತದ ಮೇಷ್ಟ್ರೊಬ್ಬರು ತಮ್ಮ ಸೋದರಮಾವ ನಾಮಕರಣದ ಊಟದಲ್ಲಿ ಪಾಯಸದ ಕೊಳಗದೊಳಗೆ ಕೂತುಬಿಟ್ಟದ್ದನ್ನು ನೆನೆದು ಒಂಬತ್ತು ವರ್ಷ ಮನೆಯೊಳಗೆ ಹೋದರು. ಹತ್ತನೆಯ ವರ್ಷ ಒಂದು ದಿನ ಮಾವ ಕೈಕೊಟ್ಟರು. ಹೊಸ ನೆನಪು ಸಿಗುವವರೆಗೆ ಮೇಷ್ಟ್ರು ಶಾಲೆಯ ಬೆಂಚಿನ ಮೇಲೆ ಮಲಗಿದರು. ಜಗಳವಾಡಿದ ಗಂಡ ಹೆಂಡತಿ ಜಗಲಿಯ ಎರಡು ತುದಿಯಲ್ಲಿ ಕೂತು ಯಾರು ಮೊದಲು ಸೋಲುತ್ತಾರೋ ಎಂದು ಕಾಯುವುದು ನಮ್ಮಲ್ಲಿ ದಿನನಿತ್ಯದ ನೋಟ. ಅದಕ್ಕೇ ನಮ್ಮೂರಿನ ಜಗಲಿಗಳು ಅಗಲ. ಇನ್ನು ಸಾವಾದ ಮನೆಯ ಬಾಗಿಲನ್ನು ಯಾರೂ ಮುಚ್ಚುವುದಿಲ್ಲ. ಹೊಸ್ತಿಲ ಮೇಲೆ ರುಬ್ಬುಗುಂಡು ಇಟ್ಟು, ಆ ಮನೆಯವರಿಗೆ ನಗು ಮರಳುವವರೆಗೆ ತೆರೆದೇ ಬಿಡುತ್ತಾರೆ.

ಬೀಗ ಮಾಡುವುದು ಕಬ್ಬಿಣದ ಕೆಲಸ, ಅದನ್ನು ಯಾವ ಆಚಾರಿಯೂ ಮಾಡಿಯಾನು. ಕಷ್ಟವಿರುವುದು ಅದಕ್ಕೆ ನಗೆ ಕುಡಿಸುವುದರಲ್ಲಿ. ಬೀಗ ಕುಲುಮೆಯಿಂದ ಹೊರಬಂದು ಇನ್ನೂ ಕೆಂಪಗಿರುವಾಗ ಮನೆಯವರು ಒಬ್ಬೊಬ್ಬರಾಗಿ ಅದರ ಮುಂದೆ ಕೂತು ನಗಬೇಕು. ಆ ನಗೆ ಬೀಗಕ್ಕಿಳಿಯುತ್ತದೆ; ಬೀಗದ ಕೆಳಗಿಟ್ಟ ಹಸಿಮಣ್ಣಿನ ಅಚ್ಚಿನಲ್ಲಿ ಅದರದೊಂದು ಗೆರೆ ಮೂಡುತ್ತದೆ. ಅಚ್ಚನ್ನು ಸುಟ್ಟು ಅಂಗಡಿಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳುತ್ತೇವೆ. ನಗಿಸಬೇಕಾದವನು ಆಚಾರಿ, ಆದರೆ ಬೀಗ ಬಿಸಿಯಿರುವಾಗ ಆಚಾರಿ ಮಾತ್ರ ನಗಬಾರದು. ಇದು ನಮ್ಮ ಕಸುಬಿನ ಮೊದಲ ಕಟ್ಟಳೆ. ತಪ್ಪಿದವನು ಪುರಸಭೆ ಕೊಟ್ಟ ಹಿತ್ತಾಳೆ ಬಿಲ್ಲೆಯನ್ನು ವಾಪಸು ಕೊಟ್ಟು ಕುಲುಮೆ ಆರಿಸಬೇಕು. ನನಗೆ ಊರಲ್ಲಿ ಕಲ್ಲುಮುಖದ ಆಚಾರಿ ಎಂದೇ ಹೆಸರು. ಬಿಲ್ಲೆಯಿರುವ ಆಚಾರಿಯ ಮನೆಗೆ ಬೀಗ ಹಾಕುವ ಪದ್ಧತಿಯಿಲ್ಲ, ಬರೀ ಸರಪಳಿ. ಹಾಗಾಗಿ ನಾನು ನಗಲೇಬೇಕಾದ ಸಂದರ್ಭವೂ ಬರುತ್ತಿರಲಿಲ್ಲ. "ಸರಪಳಿ ಇಲ್ದೇ ಹೋಗಿದ್ರೆ ನೀವು ಇಷ್ಟು ವರ್ಷವೂ ಜಗಲೀಲೇ ಇರ್ತಿದ್ರಿ" ಎಂದು ನನ್ನ ಹೆಂಡತಿ ಭದ್ರಮ್ಮ ಆಗಾಗ ಹೇಳುತ್ತಿದ್ದಳು.

ನಗದೆಯೇ ನಾನು ನಗೆಯನ್ನು ಓದಿಕೊಂಡೆ. ಮನಸ್ಸು ಕತ್ತಲಲ್ಲಿ ಮೆಟ್ಟಿಲಿಳಿಯುವ ಮನುಷ್ಯನಿದ್ದಂತೆ. ಇನ್ನೊಂದು ಮೆಟ್ಟಿಲಿದೆ ಎಂದು ಕಾಲಿಡುತ್ತದೆ, ನೆಲ ಸಿಗುತ್ತದೆ. ಬೆಚ್ಚಿಬಿದ್ದು, ಏನೂ ಆಗಲಿಲ್ಲವಲ್ಲ ಎಂದು ಗೊತ್ತಾದೊಡನೆ ಹೊರಬರುವ ಉಸಿರೇ ನಗು. ನಿಜಕ್ಕೂ ಪೆಟ್ಟಾಗಿದ್ದರೆ ಅದೇ ಉಸಿರು ಅಳುವಾಗುತ್ತಿತ್ತು. ನಿಜವಾಗಿ ನಗುವವರ ಕಣ್ಣಿನ ಕೆಳಗಿನ ಚರ್ಮ ತಾನಾಗಿ ಮೇಲೇರುತ್ತದೆ; ಸುಳ್ಳು ನಗುವಿನಲ್ಲಿ ದುಡಿಯುವುದು ಬಾಯೊಂದೇ. ತನಗೆ ತಾನೇ ಕಚಗುಳಿ ಇಟ್ಟುಕೊಂಡು ನಕ್ಕವರಿಲ್ಲ, ಏಕೆಂದರೆ ಬರುವ ಕೈ ಯಾವುದೆಂದು ಮೈಗೆ ಮೊದಲೇ ಗೊತ್ತು. ಇಂಥವನ್ನೆಲ್ಲ ನಾನು ಯಾರಿಂದಲೂ ಕಲಿತದ್ದಲ್ಲ. ಕುಲುಮೆಯ ಮುಂದೆ ಕೂತವರ ಮುಖ ನೋಡಿ ನೋಡಿ ತಿಳಿದದ್ದು. ನಾನು ಕುಡಿಸಿದ ಬೀಗ ಒಂದೂ ಕೆಟ್ಟಿಲ್ಲ, ನಾನು ತೆರೆಸಲಾಗದ ಬಾಗಿಲೂ ಇಲ್ಲ ಎಂದು ಅಂಗಡಿಯ ಮುಂದೆ ಬರೆಸಿಯೂ ಇದ್ದೆ. ಚೆನ್ನಾಜಮ್ಮನ ಬಾಗಿಲು ಮುಚ್ಚಿಕೊಳ್ಳುವವರೆಗೆ ಆ ಬರಹವನ್ನು ಅಳಿಸಬೇಕಾಗಿ ಬಂದಿರಲಿಲ್ಲ.

ಚೆನ್ನಾಜಮ್ಮ ಹಪ್ಪಳ ಮಾಡಿ ಮಾರುವ ಹೆಂಗಸು, ಐವತ್ತು ದಾಟಿದವಳು. ಅಕ್ಕ ದೇವೀರಮ್ಮನ ಜೊತೆ ಇಬ್ಬರೇ ಇದ್ದರು. ದೇವೀರಮ್ಮನಿಗೆ ಕಾಲಿನಲ್ಲಿ ಶಕ್ತಿಯಿರಲಿಲ್ಲ. ಬಾಗಿಲ ಒಳಗೆ ಒಂದು ಮಣೆಯ ಮೇಲೆ ಕೂತು ಹಪ್ಪಳ ಒತ್ತುತ್ತಿದ್ದಳು, ಹೊರಗೆ ಬಂದದ್ದನ್ನು ಬೀದಿಯವರು ಕಂಡಿರಲಿಲ್ಲ. ಆ ಅಕ್ಕ ತೀರಿಕೊಂಡಳು. ಪದ್ಧತಿಯಂತೆ ಬಾಗಿಲಿಗೆ ರುಬ್ಬುಗುಂಡು ಇಟ್ಟರು. ಒಂದು ತಿಂಗಳಾದ ಮೇಲೆ ಚೆನ್ನಾಜಮ್ಮ ತಾನೇ ಗುಂಡನ್ನು ಒಳಗೆ ಸರಿಸಿ, ಉದ್ದಿನ ಹಿಟ್ಟು ಮಾಡಿಸಿಕೊಂಡು ಬರಲು ಗಿರಣಿಗೆ ಹೋದಳು. ವಾಪಸು ಬರುವಷ್ಟರಲ್ಲಿ ಗಾಳಿಗೆ ಬಾಗಿಲು ಮುಚ್ಚಿಕೊಂಡಿತ್ತು. ಅವಳಿಗೆ ನಗು ಬರಲಿಲ್ಲ.

ಮೊದಲ ಎರಡು ಮೂರು ದಿನ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಎದುರು ಮನೆಯ ಸಾಕಮ್ಮ ಕರೆದು ಜಾಗ ಕೊಟ್ಟಳು. ಎಂಟನೆಯ ದಿನ ಪುರಸಭೆಯ ಗುಮಾಸ್ತ ವೆಂಕೋಬರಾಯರು ಬಂದು ಬಾಗಿಲಿಗೆ ಕಾಗದ ಅಂಟಿಸಿದರು. ನಮ್ಮೂರಿನ ನಿಯಮವೇ ಹಾಗೆ. ಇಪ್ಪತ್ತೊಂದು ದಿನ ತೆರೆಯದ ಬಾಗಿಲನ್ನು ಹಾರೆ ಹಾಕಿ ಒಡೆಯುತ್ತಾರೆ. ಒಡೆದ ಚೌಕಟ್ಟು ಮತ್ತೆ ಯಾವ ಬೀಗವನ್ನೂ ಹಿಡಿಯುವುದಿಲ್ಲ. ಬೀಗ ಹಿಡಿಯದ ಮನೆ ಪುರಸಭೆಯ ಪಾಲು, ಅದರೊಳಗೆ ಪೊರಕೆ ಮತ್ತು ಸುಣ್ಣದ ಮೂಟೆ ತುಂಬಿಸುತ್ತಾರೆ. ಕಾಗದ ಅಂಟಿದ ದಿನವೇ ನನಗೆ ಕರೆ ಬಂತು.

"ಮೂರು ದಿನ ಸಾಕು" ಎಂದೆ ನಾನು.

ಚೆನ್ನಾಜಮ್ಮ ಜಗಲಿಯ ಮೇಲೆ ಕೂತಿದ್ದಳು. "ನಿಮ್ಮ ಬಾಗಿಲ ನೆನಪು ಯಾವುದಮ್ಮ?" ಎಂದು ಕೇಳಿದೆ.

"ಅಂಥದ್ದೇನೂ ಇಟ್ಕೊಂಡಿರಲಿಲ್ಲ ಆಚಾರ್ರೇ. ಸಂತೆಯಿಂದ ಬರ್ತಿದ್ದೆ, ಬಾಗಿಲ ಹತ್ರ ನಿಂತ್ಕೊಂಡು ಅವತ್ತು ಏನ್ ನಡೀತೋ ಅದನ್ನ ಹೇಳ್ತಿದ್ದೆ. ಅಕ್ಕ ಒಳಗಿಂದ ನಗೋಳು. ಅವಳು ನಕ್ಕಿದ್ದು ಕೇಳಿ ನಂಗೂ ನಗು ಬರೋದು. ಬಾಗಿಲು ತೆಗೆಯೋದು. ಇಷ್ಟು ವರ್ಷ ಅಷ್ಟೇ ನಡೆದಿದ್ದು."

ನಾನು ಅದನ್ನು ಕೇಳಿಸಿಕೊಂಡೆ, ತಲೆಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಎಷ್ಟೋ ಸಲ ನನ್ನ ತಲೆ ನಾನೇ ಚಚ್ಚಿಕೊಳ್ಳಬೇಕೆನಿಸಿದೆ. ರೋಗಿ ತನ್ನ ರೋಗವನ್ನು ತಾನೇ ಹೇಳಿದಾಗ, ವೈದ್ಯ ಔಷಧಿ ಪೆಟ್ಟಿಗೆಯ ಕಡೆ ನೋಡುತ್ತಿದ್ದ.

"ಮನೆ ಹೋದ್ರೆ ಹೋಗ್ಲಿ ಅನ್ನೋಕಾಗಲ್ಲ ನಂಗೆ" ಎಂದಳು ಅವಳು. "ಅಕ್ಕನ ಮಣೆ ಒಳಗಿದೆ. ಅವಳು ಅರ್ಧ ಒತ್ತಿಟ್ಟ ಹಪ್ಪಳ ಹಾಗೇ ಇದೆ. ಅದರ ಮೇಲೆ ಸುಣ್ಣದ ಮೂಟೆ ಇಡ್ತಾರೇನು?"

"ಇಡಲ್ಲ. ಕಾಳಾಚಾರಿ ಇರೋವರೆಗೂ ಇಡಲ್ಲ."

ಬಾಗಿಲು ತೆರೆಸುವ ಕೆಲಸಕ್ಕೆ ಒಂದು ಶಾಸ್ತ್ರವಿದೆ. ಬಾಗಿಲಿನಿಂದ ಹತ್ತು ಹೆಜ್ಜೆ ದೂರದಲ್ಲಿ ಸುಣ್ಣದ ಗೆರೆ ಎಳೆಯುತ್ತಾರೆ. ಒಳಗೆ ಮನೆಯವರು ಮತ್ತು ಬಿಲ್ಲೆಯಿರುವ ಆಚಾರಿ ಇಬ್ಬರೇ. ಗೆರೆಯಾಚೆ ಯಾರು ಬೇಕಾದರೂ ನಿಂತು ನೋಡಬಹುದು, ಆದರೆ ಬಾಯಿಗೆ ಬಟ್ಟೆ ತುರುಕಿಕೊಂಡಿರಬೇಕು. ಕಂಡವರ ನಗು ಸೇರಿದರೆ ಬೀಗ ಗಲಿಬಿಲಿಯಾಗುತ್ತದೆಂಬ ಹೆದರಿಕೆ. ಹಾಗಾಗಿ ದಿನವೂ ನಲವತ್ತು ಐವತ್ತು ಜನ ಬಾಯಲ್ಲಿ ಸೆರಗು, ಕರ್ಚೀಫು, ಟವೆಲು ಕಚ್ಚಿಕೊಂಡು, ಕಣ್ಣರಳಿಸಿ ನಮ್ಮನ್ನೇ ನೋಡುತ್ತಿದ್ದರು.

ನಾನು ನನ್ನ ವಿದ್ಯೆಯನ್ನೆಲ್ಲ ಬಿಚ್ಚಿದೆ. ಮೆಟ್ಟಿಲಿನ ತತ್ವದಿಂದ ಶುರುಮಾಡಿದೆ. ಮುಂದೇನು ಎಂದು ಕಾಯಿಸಿ ಬೇರೆಯೇ ಹೇಳುವ ಕಥೆಗಳನ್ನು ಹೇಳಿದೆ. ಅವಳು ಪ್ರತಿ ಕಥೆಯ ಕೊನೆಗೂ "ಅಯ್ಯೋ ಪಾಪ" ಎಂದಳು. ದೊಡ್ಡವರು ಜಾರಿಬಿದ್ದರೆ ಚಿಕ್ಕವರಿಗೆ ಖುಷಿ ಎಂಬುದು ನನ್ನ ಎರಡನೆಯ ಸೂತ್ರ. ಅದಕ್ಕಾಗಿ ನಾನೇ ಬೇಕೆಂದು ಜಗಲಿಯಿಂದ ಬಿದ್ದೆ. ಅವಳು ಓಡಿಬಂದು ಮೊಣಕೈಗೆ ಅರಿಶಿನ ಹಚ್ಚಿದಳು. ಸಾಕಮ್ಮನನ್ನು ಗೆರೆಯಾಚೆಯೇ ನಿಲ್ಲಿಸಿ, ಉದ್ದ ಗಳುವಿನ ತುದಿಗೆ ಕಟ್ಟಿದ ಗರಿಯಿಂದ ಕಚಗುಳಿ ಇಡಿಸಿದೆ. ಮೈ ನುಲಿಯಿತು, ಬೀಗ ಜಗ್ಗಲಿಲ್ಲ. ಪ್ರತಿ ಪ್ರಯತ್ನಕ್ಕೆ ಮೊದಲು ಅದರಲ್ಲಿ ನಗು ಬರುವುದು ಏಕೆಂದು, ಮುಗಿದ ಮೇಲೆ ಬಾರದಿದ್ದುದು ಏಕೆಂದು ವಿವರಿಸುತ್ತಿದ್ದೆ. ಈಗ ಯೋಚಿಸಿದರೆ, ಹೀಗೆ ವಿವರಿಸಿದರೆ ಹುಚ್ಚರೂ ನಗುವುದಿಲ್ಲ. ನನ್ನ ಮೂರು ದಿನ ಹನ್ನೊಂದಾಯಿತು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ನಾನು ಉಸಿರಿನ ವಿಚಾರ ಹೇಳುತ್ತಿದ್ದೆ. ಗೆರೆಯಾಚೆ ವೆಂಕೋಬರಾಯರು ಬಾಯಿಗೆ ದೊಡ್ಡ ಟವೆಲು ತುರುಕಿಕೊಂಡು ನಿಂತಿದ್ದರು. ಅವರಿಗೆ ಸೀನು ಬಂತು. ಸಾಮಾನ್ಯ ಸೀನಲ್ಲ, ಎರಡು ನಿಮಿಷ ಒಳಗೇ ಕಟ್ಟಿಹಾಕಿದ್ದ ಸೀನು. ಟವೆಲು ಬಾಯಿಂದ ಹಾರಿ ಹತ್ತು ಹೆಜ್ಜೆ ದಾಟಿ ನನ್ನ ತಲೆಯ ಮೇಲೆ ಬಿದ್ದು ಮುಖ ಮುಚ್ಚಿತು. ನಾನು ಮಾತು ನಿಲ್ಲಿಸಲಿಲ್ಲ. ಕಲ್ಲುಮುಖದ ಆಚಾರಿ, ನಿಲ್ಲಿಸುವುದುಂಟೇ? "ಆದ್ದರಿಂದ ಚೆನ್ನಾಜಮ್ಮ, ಉಸಿರು ಎಂಬುದು" ಎಂದು ಟವೆಲಿನೊಳಗಿಂದಲೇ ಮುಂದುವರಿಸಿದೆ.

ಅವಳು ನಕ್ಕಳು.

ಟವೆಲು ತೆಗೆದು ನೋಡಿದೆ. ಹೊಟ್ಟೆ ಹಿಡಿದುಕೊಂಡಿದ್ದಳು. ಕಣ್ಣಿನ ಕೆಳಗಿನ ಚರ್ಮ ಮೇಲೇರಿತ್ತು, ನೀರು ಬಂದಿತ್ತು, ಉಸಿರು ಹೋಗುತ್ತಲೇ ಇತ್ತು. ನನ್ನ ಕಸುಬಿನಲ್ಲಿ ಅದಕ್ಕಿಂತ ಅಪ್ಪಟ ನಗೆಯನ್ನು ನಾನು ಹೆಚ್ಚು ಕಂಡಿಲ್ಲ. ಗೆದ್ದೆ ಎಂದು ಬೀಗದ ಕಡೆ ತಿರುಗಿದೆ.

ಬೀಗ ತೆರೆಯಲಿಲ್ಲ.

ಯಾರೋ ಬಟ್ಟೆ ತೆಗೆದು "ಸುಳ್ಳು ನಗು" ಎಂದರು. ಇನ್ನೊಬ್ಬರು ಅದನ್ನೇ ಸ್ವಲ್ಪ ಜೋರಾಗಿ ಹೇಳಿದರು. ನಮ್ಮೂರಿನಲ್ಲಿ ಇದಕ್ಕಿಂತ ಕೆಟ್ಟ ಮಾತಿಲ್ಲ. ಬಾಗಿಲ ಮುಂದೆ ಸುಳ್ಳು ನಕ್ಕವರ ಹೆಸರು ಪುರಸಭೆಯ ಹಲಗೆಯ ಮೇಲೆ ಏರುತ್ತದೆ, ಅವರಿಗೆ ಯಾವ ಆಚಾರಿಯೂ ಮತ್ತೆ ಬೀಗ ಮಾಡಿಕೊಡುವಂತಿಲ್ಲ. ವೆಂಕೋಬರಾಯರು ಕೆಟ್ಟವರಲ್ಲ, ಆದರೂ ಜೇಬಿನಿಂದ ಕಾಗದ ತೆಗೆದು ಬರೆದುಕೊಂಡರು.

ಚೆನ್ನಾಜಮ್ಮ ಎದ್ದು ನಿಂತಳು. "ಅಕ್ಕ ಹೋಗಿ ಐವತ್ತು ದಿನ ತುಂಬಿಲ್ಲ. ಆಗಲೇ ನಗು ಬಂದ್ಬಿಡ್ತಲ್ಲ ಅಂತ ನಾಚಿಕೆಯಿಂದ ಸಾಯ್ತಿದೀನಿ ನಾನು. ಆ ನಗೂನೂ ಸುಳ್ಳು ಅಂತೀರಲ್ಲ!" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ನೀವಾದ್ರೂ ಹೇಳಿ ಆಚಾರ್ರೇ. ನಿಮಗೆ ಗೊತ್ತಾಗತ್ತಲ್ಲ."

ನನಗೆ ಗೊತ್ತಿತ್ತು. ಆದರೆ ನಗೆ ನಿಜವಾದರೆ ತಪ್ಪಿರುವುದು ಬೀಗದಲ್ಲಿ, ಮತ್ತು ಆ ಬೀಗ ನನ್ನದು. "ನೋಡಿ ಹೇಳ್ತೀನಿ" ಎಂದು ಗೊಣಗಿ, ಸಾಮಾನು ಎತ್ತಿಕೊಂಡು ಅಂಗಡಿಗೆ ಬಂದೆ. ನನ್ನ ಜೀವನದಲ್ಲಿ ಅಷ್ಟು ಹೇಡಿಯಾಗಿ ನಾನು ಇನ್ನೆಂದೂ ನಡೆದಿಲ್ಲ.

ಹಳೆಯ ಅಚ್ಚುಗಳ ಹಲಗೆಯ ಹಿಂಭಾಗದಲ್ಲಿ, ಗೋಣಿಚೀಲದ ಕೆಳಗೆ ಅವಳ ಅಚ್ಚು ಇತ್ತು. ಅಲ್ಲಿಟ್ಟವನು ನಾನೇ. ಹೊರತೆಗೆದು ಬೆಳಕಿಗೆ ಹಿಡಿದೆ. ಒಂದು ಗೆರೆ ಇರಬೇಕಾದಲ್ಲಿ ಎರಡಿದ್ದವು, ಹೆಣೆದ ಜಡೆಯ ಹಾಗೆ.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ನನಗೆ ಬಿಲ್ಲೆ ಬಂದು ಎರಡು ತಿಂಗಳಾಗಿತ್ತು. ಕೆಂಪಗಿದ್ದ ಬೀಗದ ಮುಂದೆ ಚೆನ್ನಾಜಮ್ಮ ಕೂತಿದ್ದಳು, ಹೊರಗೆ ಸಾಮಾನು ತುಂಬಿದ ಗಾಡಿಯಲ್ಲಿ ಅವಳ ಅಕ್ಕ ಕಾಯುತ್ತಿದ್ದಳು; ಇಬ್ಬರೂ ಆ ಮನೆಗೆ ಬಂದ ದಿನ ಅದು. ಗೋಡೆಯ ಮೇಲೊಂದು ಹಲ್ಲಿಯಿತ್ತು. ತಲೆಯ ಮೇಲೆ ಬಿದ್ದರೆ ಏನು ಫಲ, ಭುಜದ ಮೇಲಾದರೆ ಏನು ಎಂದು ನಾನು ಪಂಚಾಂಗದವರ ಗತ್ತಿನಲ್ಲಿ ಅವಳಿಗೆ ಹೇಳುತ್ತಿದ್ದೆ. ಅಷ್ಟರಲ್ಲಿ ಏನೋ ನನ್ನ ಅಂಗಿಯ ಕತ್ತಿನೊಳಗೆ ಇಳಿಯಿತು. ಅಂಗಡಿಯ ತುಂಬ ಕುಣಿದೆ. ಅಂಗಿ ಕಿತ್ತೆಸೆದೆ. ಕೆಳಗೆ ಬಿದ್ದದ್ದು ನಾನೇ ಕೊರಳಿಗೆ ಹಾಕಿಕೊಂಡಿದ್ದ ಅಳತೆಯ ದಾರ. ಹಲ್ಲಿ ಗೋಡೆಯ ಮೇಲೆ ಇದ್ದಲ್ಲೇ ಇತ್ತು. ಅವಳು ನಕ್ಕಳು. ಅವಳ ಮುಖ ನೋಡಿ ನಾನೂ ನಕ್ಕೆ, ಬಿದ್ದು ಬಿದ್ದು ನಕ್ಕೆ. ನಿಂತಾಗ ಬೀಗ ಕಪ್ಪಾಗಿತ್ತು. ಅಚ್ಚು ನೋಡಿದೆ, ಎರಡು ಗೆರೆ. ಅದನ್ನು ಕರಗಿಸಿ ಬೇರೆ ಮಾಡಬೇಕಿತ್ತು. ಬಿಲ್ಲೆ ಹೋಗುತ್ತದೆಂಬ ಭಯ. ಹೋಗಿ ಬಾಗಿಲಿಗೆ ಹಾಕಿ, ಅವಳನ್ನು ಹೊರಗೆ ನಿಲ್ಲಿಸಿ ನಗಿಸಿದೆ, ಬೀಗ ತೆರೆದುಕೊಂಡಿತು. ಸದ್ಯ, ಕೆಟ್ಟಿಲ್ಲ ಎಂದು ಕೈತೊಳೆದುಕೊಂಡೆ. ಅಂದಿನಿಂದ ಕುಲುಮೆಯ ಮುಂದೆಯೂ ನಗಲಿಲ್ಲ, ಮನೆಯಲ್ಲೂ ನಗಲಿಲ್ಲ. ನನ್ನ ಕಲ್ಲುಮುಖದ ಕೀರ್ತಿಯ ಹಿಂದಿನ ಕಥೆ ಇಷ್ಟೇ.

ಅಂದು ಬೀಗ ತೆರೆದದ್ದು ಏಕೆಂದು ಈಗ ತಿಳಿಯಿತು. ಒಳಗೆ ಮಣೆಯ ಮೇಲೆ ದೇವೀರಮ್ಮ ಕೂತಿದ್ದಳು, ತಂಗಿ ನಕ್ಕದ್ದು ಕೇಳಿ ಅವಳೂ ನಕ್ಕಿದ್ದಳು. ಎರಡು ನಗೆ ಕುಡಿದ ಬೀಗಕ್ಕೆ ಎರಡು ನಗೆ ಬೇಕು. ಎರಡನೆಯದು ಯಾರದೆಂಬ ಹಠ ಅದಕ್ಕಿರಲಿಲ್ಲ, ಜೊತೆಯೊಂದು ಬೇಕಿತ್ತು, ಅಷ್ಟೆ. ಇಪ್ಪತ್ತೆರಡು ವರ್ಷ ಆ ಜೊತೆ ಬಾಗಿಲ ಹಿಂದೆಯೇ ಇತ್ತು. ಈಗ ಮನೆ ಬರಿದು, ಬೀದಿಯಲ್ಲಿದ್ದವರೆಲ್ಲರ ಬಾಯಲ್ಲೂ ಬಟ್ಟೆ.

ಇಪ್ಪತ್ತನೆಯ ದಿನ ನಾನು ಮನೆಯಿಂದ ಹೊರಡಲಿಲ್ಲ. ತಲೆನೋವು ಎಂದೆ. ಭದ್ರಮ್ಮ ಅಚ್ಚನ್ನೂ ನನ್ನ ಮುಖವನ್ನೂ ನೋಡಿದಳು. ನಾನು ಎಲ್ಲವನ್ನೂ ಹೇಳಿದೆ.

"ಬಿಲ್ಲೆ ದೊಡ್ಡದೋ, ಆ ಹೆಂಗಸಿನ ಮನೆ ದೊಡ್ಡದೋ?" ಎಂದಳು.

"ಬಿಲ್ಲೆ ಕೊಡ್ತೀನಿ ಕಣೇ. ಅದಲ್ಲ. ಗೆರೆಯೊಳಗೆ ನಾನೊಬ್ಬನೇ ಇರೋದು. ಅವಳ ಜೊತೆ ನಾನು ನಗ್ಬೇಕು."

ಭದ್ರಮ್ಮ ಅಚ್ಚನ್ನು ಆಚೆ ಈಚೆ ತಿರುಗಿಸಿ ನೋಡಿ ಕೆಳಗಿಟ್ಟಳು. "ಅದು ಕಷ್ಟ" ಎಂದಳು ಕೊನೆಗೆ.

ಇಪ್ಪತ್ತೊಂದನೆಯ ದಿನ ಹತ್ತು ಗಂಟೆಗೆ ಹಾರೆ ಹಿಡಿದ ನಾಲ್ವರು ಚೆನ್ನಾಜಮ್ಮನ ಬಾಗಿಲಲ್ಲಿ ನಿಂತಿದ್ದರು. ಹನ್ನೊಂದಕ್ಕೆ ಒಡೆ‌ಯುವುದೆಂದು ತೀರ್ಮಾನ. ಊರಿಗೆ ಊರೇ ಸೇರಿತ್ತು. ಚೆನ್ನಾಜಮ್ಮ ಬಾಗಿಲಿಗೆ ಬೆನ್ನುಕೊಟ್ಟು ಕೂತಿದ್ದಳು, ನನ್ನನ್ನು ಕಂಡು ಮುಖ ತಿರುಗಿಸಿದಳು. ನಾನು ಗೆರೆ ದಾಟಿ ಒಳಗೆ ಹೋಗಿ, ಅಚ್ಚನ್ನು ಎತ್ತಿ ಹಿಡಿದು, ಎಲ್ಲರಿಗೂ ಕೇಳುವಂತೆ ಹೇಳಿದೆ. ಹಲ್ಲಿಯ ಕಥೆ, ದಾರದ ಕಥೆ, ಎರಡು ಗೆರೆಯ ಕಥೆ, ಗೋಣಿಚೀಲದ ಕಥೆ, ಒಂದನ್ನೂ ಬಿಡಲಿಲ್ಲ. ಮೊನ್ನೆ ಅವಳು ನಕ್ಕದ್ದು ಅಪ್ಪಟ ನಗೆ, ಸುಳ್ಳಾದವನು ನಾನು ಎಂದೆ. ಕೊರಳಿನ ಬಿಲ್ಲೆಗೆ ಕೈ ಹಾಕಿದೆ.

"ತಡೀರಿ, ತಡೀರಿ" ಎಂದು ವೆಂಕೋಬರಾಯರು ಟವೆಲು ಬಾಯಿಂದ ತೆಗೆದು ಕೂಗಿದರು. "ಈಗ್ಲೇ ಬಿಲ್ಲೆ ಕೊಟ್ರೆ ಗೆರೆಯಿಂದ ಈಚೆ ಬರ್ಬೇಕಾಗತ್ತೆ. ಬಾಗಿಲು ತೆಗೆದ ಮೇಲೆ ಕೊಡಿ."

ಹಾಗಾಗಿ ಬಿಲ್ಲೆ ಕೊರಳಲ್ಲೇ ಉಳಿಯಿತು. ಇನ್ನು ನಗಬೇಕು. ನಾನು ನಿಂತೆ. ಮೇಷ್ಟ್ರ ಮಾವ ಪಾಯಸದಲ್ಲಿ ಕೂತದ್ದನ್ನು ನೆನೆದೆ, ಊರಿನವರೆಲ್ಲ ನನ್ನಲ್ಲಿ ಬಿಟ್ಟಿದ್ದ ಬಾಗಿಲ ನೆನಪುಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಒಂದೊಂದರಲ್ಲೂ ಮೆಟ್ಟಿಲು ಎಲ್ಲಿದೆ, ನೆಲ ಎಲ್ಲಿದೆ ಎಂದು ಸ್ಪಷ್ಟವಾಗಿ ಕಾಣುತ್ತಿತ್ತು. ನಗು ಮಾತ್ರ ಬರಲಿಲ್ಲ. ಹತ್ತೂವರೆ ದಾಟಿತು. ನನ್ನ ಕಣ್ಣೆದುರೇ ಅವಳ ಮನೆ ಹೋಗುತ್ತಿತ್ತು, ನನ್ನ ಗಂಟಲಿನಿಂದ ಒಂದು ಸದ್ದು ಹೊರಡದ ಕಾರಣಕ್ಕೆ.

ಚೆನ್ನಾಜಮ್ಮ ನನ್ನನ್ನೇ ನೋಡುತ್ತಿದ್ದಳು. "ನಿಮಗೆ ನಗೋಕೆ ಬರಲ್ವಾ?" ಎಂದಳು.

"ಮರೆತುಹೋಗಿದೆಯಮ್ಮ" ಎಂದೆ. ಅಳು ಬರುವ ಹಾಗಾಗಿತ್ತು.

"ಬರಲ್ಲ?"

"ಇಲ್ಲ."

ಅವಳು ಎದ್ದಳು. ಗೆರೆಯ ಬಳಿ ಹೋಗಿ ವೆಂಕೋಬರಾಯರ ಕೈಯಿಂದ ಟವೆಲು ತೆಗೆದುಕೊಂಡಳು. "ಕೂತ್ಕೊಳ್ಳಿ" ಎಂದಳು ನನಗೆ. ನಾನು ಅವಳು ಕೂತಿದ್ದಲ್ಲಿ ಕೂತೆ. ಅವಳು ನಾನು ನಿಲ್ಲುವಲ್ಲಿ, ನಾನು ನಿಲ್ಲುವ ಹಾಗೆ, ಕತ್ತು ನೆಟ್ಟಗೆ ಮಾಡಿ, ಒಂದು ಕೈ ಬೆನ್ನ ಹಿಂದೆ ಕಟ್ಟಿ ನಿಂತಳು. ಟವೆಲನ್ನು ತಲೆಯ ಮೇಲಿಂದ ಮುಖಕ್ಕೆ ಎಳೆದುಕೊಂಡಳು. ಅದರೊಳಗಿಂದ ನನ್ನದೇ ದಪ್ಪ ದನಿ ಬಂತು.

"ನೋಡೀಮ್ಮಾ ಚೆನ್ನಾಜಮ್ಮ. ನಗು ಅಂದ್ರೆ ಮೆಟ್ಟಿಲು. ಇದೆ ಅಂತ ಕಾಲಿಡ್ತೀರಿ, ಇರಲ್ಲ. ಈಗ ನಾನೊಂದು ಬೀಗ ಮಾಡ್ದೆ. ತೆಗೆಯತ್ತೆ ಅಂದ್ಕೊಂಡ್ರಿ, ತೆಗೀಲಿಲ್ಲ. ಇಲ್ಲಿ ಮೆಟ್ಟಿಲು ಯಾವುದು? ಬೀಗ. ನೆಲ ಯಾವುದು? ಬೀದಿ. ಹನ್ನೊಂದು ದಿನದಿಂದ ವಿವರವಾಗಿ ಹೇಳ್ತಿದೀನಿ, ಯಾಕೆ ನಗ್ತಿಲ್ಲ ನೀವು? ನಾಳೆ ಇನ್ನೊಂದು ಸಲ ಜಗಲಿಯಿಂದ ಬೀಳ್ತೀನಿ. ಅರಿಶಿನ ತಂದಿಟ್ಟಿರಿ."

ಮೊದಲು ನನ್ನ ಮೂಗಿನಲ್ಲಿ ಏನೋ ಆಯಿತು. ಸೀನು ಎಂದುಕೊಂಡೆ. ಆಮೇಲೆ ಅದು ಎದೆಗಿಳಿಯಿತು, ಅಲ್ಲಿಂದ ಹೊಟ್ಟೆಗೆ ಹೋಗಿ, ಒಮ್ಮೆಗೇ ಹಿಂದಕ್ಕೆ ಬಂತು. ತುಕ್ಕು ಹಿಡಿದ ರಾಟೆ ತಿರುಗಿದಂಥ ಒಂದು ಸದ್ದು ನನ್ನ ಬಾಯಿಂದ ಹೊರಬಿತ್ತು. ಅದನ್ನು ಕೇಳಿ ಚೆನ್ನಾಜಮ್ಮ ಟವೆಲು ಸರಿಸಿ ನೋಡಿದಳು. ನನ್ನ ಮುಖ ಹೇಗಿತ್ತೋ ಏನೋ, ಅವಳು ಅಲ್ಲೇ ಕುಸಿದು ಕೂತು ನಗತೊಡಗಿದಳು. ಅವಳನ್ನು ನೋಡಿ ನನಗೆ ಇನ್ನಷ್ಟು ಬಂತು. ಕಣ್ಣಿನ ಕೆಳಗಿನ ಚರ್ಮ ಏನು ಮಾಡುತ್ತಿತ್ತು, ಉಸಿರು ಎಷ್ಟು ಹೋಗುತ್ತಿತ್ತು ಎಂದು ನೋಡಿಕೊಳ್ಳಲು ನನಗೆ ಪುರಸೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷದ್ದು ಒಟ್ಟಿಗೆ ಬರುತ್ತಿತ್ತು. ಗೆರೆಯಾಚೆ ಇಡೀ ಊರು ಬಟ್ಟೆ ಕಚ್ಚಿಕೊಂಡು ಮೈ ಕುಲುಕಿಸುತ್ತಿತ್ತು, ಹಾರೆಯವನೊಬ್ಬ ಹಾರೆಗೆ ಒರಗಿ ಕಣ್ಣೊರೆಸಿಕೊಳ್ಳುತ್ತಿದ್ದ.

ಬೀಗ ಟಕ್ ಎಂದಿತು. ಬಾಗಿಲು ಮೆಲ್ಲಗೆ ಒಳಕ್ಕೆ ಸರಿಯಿತು.

ಒಳಗಿನಿಂದ ಹುಳಿತ ಹಿಟ್ಟಿನ ವಾಸನೆ ಬಂತು. ಹೊಸ್ತಿಲ ಪಕ್ಕದಲ್ಲಿ ರುಬ್ಬುಗುಂಡು, ಅದರ ಪಕ್ಕ ಮಣೆ, ಮಣೆಯ ಮುಂದೆ ಬಟ್ಟೆಯ ಮೇಲೆ ಹಪ್ಪಳಗಳು ಮುರುಟಿಕೊಂಡಿದ್ದವು. ಚೆನ್ನಾಜಮ್ಮ ಮಣೆಯ ಮೇಲೆ ಕೈಯಿಟ್ಟು ಕೂತಳು. ನಗು ಇನ್ನೂ ಪೂರ್ತಿ ನಿಂತಿರಲಿಲ್ಲ, ಅದರೊಳಗೇ ಅಳು ಬಂತು. ಸಾಕಮ್ಮ ಹೋಗಿ ಅವಳ ಪಕ್ಕ ಕೂತಳು.

"ನಾನು ಏನು ಹೇಳ್ತಿದ್ದೆ ಅಂತ ಅಕ್ಕ ಕೇಳಿಸ್ಕೊಂಡಿದ್ದೇ ಇಲ್ಲ ಆಚಾರ್ರೇ" ಎಂದಳು ಸ್ವಲ್ಪ ಹೊತ್ತಿನ ಮೇಲೆ. "ಅವಳ ಕಿವೀನೂ ಅಷ್ಟಕ್ಕಷ್ಟೇ. ನನ್ನ ಕಥೆಗೆ ನಗ್ತಿದ್ದದ್ದಲ್ಲ ಅವಳು. ನಾನು ಮನೆಗೆ ಬಂದೆ ಅಂತ ನಗ್ತಿದ್ಲು."

ಇಷ್ಟು ವರ್ಷದ ನನ್ನ ಓದಿನಲ್ಲಿ ಆ ಒಂದು ಮಾತು ಎಲ್ಲೂ ಇರಲಿಲ್ಲ.

ಹೊರಗೆ ಬಂದು ಬಿಲ್ಲೆಯನ್ನು ಕಳಚಿ ವೆಂಕೋಬರಾಯರ ಕೈಗಿಟ್ಟೆ. ಅವರು ಜೇಬಿನ ಕಾಗದ ತೆಗೆದು ಚೆನ್ನಾಜಮ್ಮನ ಹೆಸರಿದ್ದ ಸಾಲನ್ನು ಎಲ್ಲರೆದುರು ಹೊಡೆದುಹಾಕಿದರು. ಮೇಲಿನ ಬೀದಿಯ ಮೋನಾಚಾರಿಯಿಂದ ಬೇರೆ ಬೀಗ ಮಾಡಿಸಿಕೊಡುತ್ತೇನೆ, ಅವನು ನನ್ನ ಹಗೆಯಾದರೂ ಕೆಲಸದಲ್ಲಿ ಶುದ್ಧ ಎಂದು ಚೆನ್ನಾಜಮ್ಮನಿಗೆ ಹೇಳಿದೆ.

"ಒಬ್ಬಳೇ ನಕ್ರೆ ತೆಗೆಯೋ ಬಾಗಿಲು ಕಟ್ಕೊಂಡು ನಾನೇನ್ ಮಾಡ್ಲಿ? ಇದೇ ಇರ್ಲಿ ಬಿಡಿ" ಎಂದಳು. ಪುರಸಭೆ ಒಂದು ವಾರ ಚರ್ಚೆ ಮಾಡಿ, ಆ ಬಾಗಿಲ ಮುಂದೆ ಜೊತೆಗೊಬ್ಬರು ನಗಬಹುದೆಂದು ಅಪ್ಪಣೆ ಕೊಟ್ಟಿತು. ಸಂಜೆ ಅವಳು ಸಂತೆಯಿಂದ ಬರುವ ಹೊತ್ತಿಗೆ ಸಾಕಮ್ಮನೋ ಇನ್ನಾರೋ ಜಗಲಿಯ ಮೇಲೆ ಕಾದಿರುತ್ತಾರೆ. ಈಗ ಅದಕ್ಕೆ ಪಾಳಿಯೂ ಇದೆಯೆಂದು ಕೇಳಿದ್ದೇನೆ.

ನನ್ನ ಅಂಗಡಿಯ ಬರಹವನ್ನು ನಾನೇ ಅಳಿಸಿದೆ. ಬಿಲ್ಲೆಯಿಲ್ಲದವನ ಮನೆಗೆ ಬೀಗ ಕಡ್ಡಾಯ, ಅದಕ್ಕೆ ಎಂಟು ದಿನದ ವಾಯಿದೆ. ಭದ್ರಮ್ಮ ಇದನ್ನು ಕೇಳಿದವಳೇ ಅಟ್ಟದಿಂದ ಹಳೆಯ ಹಾಸಿಗೆ ಇಳಿಸಿ ಜಗಲಿಯ ಮೇಲೆ ಬಿಸಿಲಿಗೆ ಹಾಕಿದಳು. "ನಿಮ್ಮ ನಗೂನ ನಂಬ್ಕೊಂಡು ಬೀಗ ಹಾಕಿಸ್ತಿದೀವಿ, ಇದು ಬೇಕಾಗತ್ತೆ" ಎಂದಳು. ಮೋನಾಚಾರಿಯ ಕುಲುಮೆಯ ಮುಂದೆ ನಾವಿಬ್ಬರೂ ಕೂತೆವು. ಇಬ್ಬರದೂ ಒಟ್ಟಿಗೆ ಕುಡಿಸು ಎಂದು ನಾನು ಹೇಳಿದೆ. ಮನೆಯವರಿಬ್ಬರ ನಗೆ ಸೇರಿಸಬಾರದೆಂದು ಕಟ್ಟಳೆಯಲ್ಲೇನೂ ಇಲ್ಲ, ಯಾರೂ ಕೇಳುವುದಿಲ್ಲ, ಅಷ್ಟೆ. ಅವನು ನನ್ನನ್ನೊಮ್ಮೆ ಭದ್ರಮ್ಮನನ್ನೊಮ್ಮೆ ನೋಡಿ, ಮುಖ ಬಿಗಿಹಿಡಿದು, ತನ್ನ ಕೆಲಸ ಮಾಡಿದ.

ಬೀಗ ಹಾಕಿದ ಮೊದಲ ದಿನ ಸಂಜೆ ಪೇಟೆಯಿಂದ ಬಂದು ನನ್ನದೇ ಬಾಗಿಲ ಮುಂದೆ ನಿಂತೆ. ಅಕ್ಕಪಕ್ಕದವರೆಲ್ಲ ತಂತಮ್ಮ ಬಾಗಿಲಿಗೆ ಮುಖ ಮಾಡಿ ಕಣ್ಣು ಮುಚ್ಚಿದ್ದರು. ನಾನೂ ಮುಚ್ಚಿದೆ. ನನ್ನ ಬಳಿ ಬಾಗಿಲ ನೆನಪು ಒಂದೂ ಇರಲಿಲ್ಲ. ಜಗಲಿಯ ಮೇಲಿನ ಹಾಸಿಗೆ ನನ್ನ ಕಾಲಿಗೆ ತಗಲುತ್ತಿತ್ತು. ಏನಾದರೂ ಹೇಳೋಣ, ಇವತ್ತು ಪೇಟೆಯಲ್ಲಿ ಏನು ನಡೆಯಿತೆಂದಾದರೂ ಹೇಳೋಣ ಎಂದು ಗಂಟಲು ಸರಿಮಾಡಿಕೊಂಡೆ.

ಒಳಗಿನಿಂದ ಭದ್ರಮ್ಮ ನಗುವುದು ಕೇಳಿಸಿತು. ನಾನಿನ್ನೂ ಏನೂ ಹೇಳಿರಲಿಲ್ಲ.